ಯಾವ ಮದ್ದು ವಾಸಿ

ನಮ್ಮ ಮನೆಯ ಬೀರುವಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಬಿಸ್ಕತ್ತು ಇದ್ದದ್ದನ್ನು ನಾನಂತೂ ಕಂಡಿಲ್ಲ. ಇರುವುದೆಲ್ಲ ಉಳಿದ ಮಾತ್ರೆಗಳು. ಡಾಕ್ಟರು ಐದು ದಿನಕ್ಕೆ ಬರೆದದ್ದನ್ನು ಮೂರು ದಿನ ನುಂಗಿ, ಮೂಗು ಬಿಟ್ಟುಕೊಂಡಿತು ಅನ್ನಿಸಿದ ಕೂಡಲೇ ಎತ್ತಿಟ್ಟ ಮಿಕ್ಕ ಎರಡು ದಿನದ ಮಾತ್ರೆಗಳು. ಕೆಲವು ಪಟ್ಟಿಗಳ ಹಿಂದಿನ ಹೆಸರು ಹರಿದುಹೋಗಿದೆ. ಯಾವುದು ಯಾವ ಕಾಯಿಲೆಯದು ಅನ್ನುವುದು ಬಣ್ಣದ ಮೇಲೆ ನನಗೆ ಮಾತ್ರ ಗೊತ್ತು. ಹೋದ ಭಾನುವಾರ ಬೀರು ಒರೆಸಲು ಹೋಗಿ, ಡಬ್ಬಿಯನ್ನು ಚಾಪೆಯ ಮೇಲೆ ಸುರಿದುಕೊಂಡು ಕೂತೆ. ಎಸೆಯಬೇಕು ಅಂತಲೇ ಸುರಿದದ್ದು. ಬಹಳ ಹೊತ್ತು ಕಳೆದರೂ ಒಂದನ್ನೂ ಎಸೆದಿರಲಿಲ್ಲ.

ನನಗೆ ಸೈನಸ್. ಗೊತ್ತಿದ್ದವರು ನಗುತ್ತಾರೆ, ನಗಲಿ. ಹಣೆ, ಕೆನ್ನೆ, ಕಣ್ಣಿನ ಮೂಲೆ ಇವುಗಳ ಹಿಂದೆ ದೇವರು ಟೊಳ್ಳು ಗೂಡುಗಳನ್ನು ಯಾಕೆ ಇಟ್ಟನೋ, ಇಟ್ಟವನು ಅವಕ್ಕೆ ಸರಿಯಾದ ಮೋರಿ ಯಾಕೆ ತೋಡಲಿಲ್ಲವೋ, ಅವನನ್ನೇ ಕೇಳಬೇಕು. ಬಗ್ಗಿ ಚಪ್ಪಲಿ ಹಾಕಿಕೊಂಡರೆ ಹಣೆಯೊಳಗೆ ಗುಂಡುಕಲ್ಲು ಉರುಳಿದ ಹಾಗಾಗುತ್ತದೆ. ಮೇಲಿನ ಹಲ್ಲೆಲ್ಲ ನೋಯುತ್ತದೆ. ಸಾರಿಗೆ ಒಗ್ಗರಣೆ ಕೊಟ್ಟರೆ ಇಂಗು ಹಾಕಿದೆನೋ ಇಲ್ಲವೋ ಅಂತ ಪಕ್ಕದ ಮನೆಯವರನ್ನು ಕೇಳಬೇಕಾಗುತ್ತದೆ. ಇಷ್ಟೆಲ್ಲ ಆಗಿಯೂ ಹೊರಗಿನವರ ಕಣ್ಣಿಗೆ ಅದು ಬರೀ ನೆಗಡಿ.

‘ವಾಸಿ’ ಅನ್ನುವ ಮಾತನ್ನು ನೀವು ಯಾವತ್ತಾದರೂ ನಿಂತು ಯೋಚಿಸಿದ್ದೀರಾ? ಕಾಯಿಲೆ ಪೂರ್ತಿ ಹೋದರೂ ವಾಸಿ. ಹೋಗದೆ, ನಿನ್ನೆಗಿಂತ ಒಂದಿಷ್ಟು ತಗ್ಗಿದರೂ ವಾಸಿ. ಎರಡು ಸೀರೆಯಲ್ಲಿ ಕೆಂಪಿನದು ವಾಸಿ, ಈ ಬಸ್ಸು ಕಾಯುವುದಕ್ಕಿಂತ ನಡೆಯುವುದೇ ವಾಸಿ. ಗುಣಕ್ಕೂ ಹೋಲಿಕೆಗೂ ನಾವು ಒಂದೇ ಮಾತು ಇಟ್ಟುಕೊಂಡಿದ್ದೇವೆ. ‘ಹೇಗಿದೆ?’ ಅಂತ ಕೇಳಿದವರಿಗೆ ‘ವಾಸಿ’ ಅನ್ನುತ್ತೇವೆ, ಅವರು ತಮಗೆ ಬೇಕಾದ ಅರ್ಥ ತೆಗೆದುಕೊಂಡು ಹೋಗುತ್ತಾರೆ. ನಾನೂ ಒಂದು ಸಲ ಹಾಗೆ ತೆಗೆದುಕೊಂಡು ಹೋದೆ. ಅದನ್ನು ಹೇಳಲೆಂದೇ ಶುರುಮಾಡಿದ್ದು, ಆದರೆ ನೇರವಾಗಿ ಹೇಳಲು ಬಾಯಿ ಬರುತ್ತಿಲ್ಲ. ಸ್ವಲ್ಪ ಸುತ್ತಿಕೊಂಡು ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಹುಟ್ಟಿ ಬೆಳೆದದ್ದು ಬೇಗೂರಿನಲ್ಲಿ. ಈಗ ಅಲ್ಲಿ ಮನೆಯ ಮೇಲೆ ಮನೆ. ಆಗ ದೇವಸ್ಥಾನ, ಕೆರೆ, ಅದರಾಚೆ ನೀಲಗಿರಿ ತೋಪು. ನಮಗೆ ನೆಗಡಿಯಾದರೆ ಅಜ್ಜಿ ತೋಪಿಗೆ ಅಟ್ಟುತ್ತಿದ್ದಳು. ಯಾರಿಗೆ ಕಾಯಿಲೆಯೋ ಅವರೇ ಹೋಗಿ ತಮ್ಮ ಮದ್ದು ಕಿತ್ತುಕೊಂಡು ಬರಬೇಕು, ಅದು ಅವಳ ಕಾನೂನು. ಕುದಿನೀರಿಗೆ ಸೊಪ್ಪು ಹಾಕಿ, ನನ್ನನ್ನೂ ತಮ್ಮನನ್ನೂ ಎದುರುಬದುರು ಕೂರಿಸಿ, ಮೇಲೆ ಕರಿ ಕಂಬಳಿ ಮುಚ್ಚುತ್ತಿದ್ದಳು. ಒಳಗೆ ಕತ್ತಲು, ಕುರಿಯ ವಾಸನೆ, ನೀಲಗಿರಿಯ ಘಾಟು. ಮೊದಲು ತಲೆ ಹೊರಗೆ ಹಾಕಿದವರು ಸೋತ ಹಾಗೆ. ನಾನು ಸೋಲುತ್ತಿರಲಿಲ್ಲ. ತಮ್ಮನನ್ನು ಚಿವುಟಿ ಹೊರಗೆ ಕಳಿಸುತ್ತಿದ್ದೆ ಅನ್ನುವುದನ್ನು ಈಗ ಹೇಳಬಹುದು. ಕಂಬಳಿ ತೆಗೆದ ಮೇಲೆ ಅಜ್ಜಿ ನಮ್ಮ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಕಣ್ಣು, ನಾಲಗೆ, ಮೂಗಿನ ಹೊಳ್ಳೆ ಎಲ್ಲ ನೋಡುತ್ತಿದ್ದಳು. ಅವಳಿಗೆ ಓದು ಬರಹ ಇರಲಿಲ್ಲ. ಆದರೆ ಮುಖ ನೋಡದೆ ಯಾರಿಗೂ ಮದ್ದು ಹೇಳಿದವಳಲ್ಲ.

ಮದುವೆಯಾಗಿ ಟಿ. ದಾಸರಹಳ್ಳಿಗೆ ಬಂದ ಮೇಲೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಸಿಕ್ಕಿತು. ಟ್ಯೂಬ್‌ಲೈಟಿನ ಕೆಳಗೆ ಬೆಂಚಿನ ಮುಂದೆ ಕೂತು, ಹೆಬ್ಬೆರಳು ಗಾತ್ರದ ಟೊಳ್ಳು ಕೊಳವೆ ತುಂಡಿನಂಥ ಉಕ್ಕಿನ ಬುಷ್‌ಗಳನ್ನು ಒಂದೊಂದಾಗಿ ಭೂತಗನ್ನಡಿಯಲ್ಲಿ ನೋಡಿ, ಗೀರು ಇದೆಯೇ, ಬಿರುಕು ಇದೆಯೇ ಅಂತ ಹೇಳಬೇಕು. ಪಕ್ಕದಲ್ಲಿ ಮೂರು ಟ್ರೇ. ಹಸಿರು ಚೀಟಿಯದು ಓಕೆ, ಹಳದಿಯದು ರೀವರ್ಕ್, ತಿದ್ದಿದರೆ ನಡೆದೀತು, ಕೆಂಪಿನದು ರಿಜೆಕ್ಟ್. ವರ್ಷಗಟ್ಟಲೆ ಅದನ್ನೇ ಮಾಡಿ ಮಾಡಿ ನನಗೆ ಜಗತ್ತೇ ಮೂರು ಟ್ರೇಯಾಗಿ ಕಾಣತೊಡಗಿತ್ತು. ತರಕಾರಿ, ನೆಂಟರು, ಟೀವಿ ಧಾರಾವಾಹಿ, ಎಲ್ಲಕ್ಕೂ ಒಂದೊಂದು ಚೀಟಿ. ನಮ್ಮನೆಯವರನ್ನು ಯಾವ ಟ್ರೇಗೆ ಹಾಕಿದ್ದೆ ಅಂತ ಮಾತ್ರ ಕೇಳಬೇಡಿ.

ಸೈನಸ್ ಶುರುವಾದದ್ದೂ ಅಲ್ಲೇ. ಪಕ್ಕದ ಶೆಡ್ಡಿನಲ್ಲಿ ಕಬ್ಬಿಣಕ್ಕೆ ಆಸಿಡ್ ಹಾಕಿ ತೊಳೆಯುತ್ತಿದ್ದರು, ಅದರ ಹಬೆ ನಮ್ಮ ಕಿಟಕಿಗೇ ಬರುತ್ತಿತ್ತು. ಆಮೇಲೆ ತುಮಕೂರು ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳತೊಡಗಿದವು. ಆ ಧೂಳು ಮೂರು ಸಲ ತಲೆಗೆ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ವರ್ಷಕ್ಕೆ ಮೂರು ಸಲ, ನಾಲ್ಕು ಸಲ ನನ್ನ ಮುಖ ಮುಚ್ಚಿದ ಪಾತ್ರೆಯ ಹಾಗಾಗುತ್ತಿತ್ತು. ಒಂದೊಂದು ಸಲವೂ ಒಂದೊಂದು ಮದ್ದು. ಮದ್ದಿಗೂ ಚೀಟಿ ಅಂಟಿಸುವ ಚಟ ಅಂಟಿಕೊಂಡದ್ದು ಹಾಗೆ.

ಮೊದಲನೆಯದು ಹೊನ್ನಮ್ಮನವರದು. ಹೊನ್ನಮ್ಮ ನಮ್ಮ ವಠಾರದ ಯಜಮಾನಿ. ದಾಸರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನ ಬೇಸಾಯದ ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಎದುರುಬದುರು ಎಂಟು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಹಿತ್ತಲಿನ ಎರಡು ಹಸುಗಳನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ನಾನು ತಲೆಗೆ ಟವೆಲು ಬಿಗಿದುಕೊಂಡು ಕೂತಿದ್ದಾಗ ಬಂದು ಹೇಳಿದರು: “ಅರಿಸಿನದ ಕೊಂಬ್ನ ಅರಳೆಣ್ಣೇಲಿ ಅದ್ದಿ, ದೀಪಕ್ಕಿಡ್ದು ಒಗೆ ಎಳ್ಕಾ. ನಿನ್ ಡಾಕ್ಟ್ರೂ ಬ್ಯಾಡ ಏನೂ ಬ್ಯಾಡ.” ಹೊಗೆ ಎಳೆದುಕೊಂಡೆ. ಕೆಮ್ಮಿ ಕೆಮ್ಮಿ ಪ್ರಾಣ ಬಾಯಿಗೆ ಬಂತು, ಹುಬ್ಬಿನ ಕೂದಲು ಸುಟ್ಟಿತು. ಮೂಗು ಬಿಟ್ಟುಕೊಂಡದ್ದು ನಿಜ, ಅರ್ಧ ಗಂಟೆ. ಹಳದಿ ಚೀಟಿ.

ಶುಂಠಿ, ಮೆಣಸು ಅರೆದು ಹಣೆಗೆ ಪಟ್ಟು ಹಾಕಿಕೊಂಡೆ. ಚರ್ಮ ಸುಲಿದು ಮೂರು ಗೆರೆ ಉಳಿಯಿತು. “ಏನ್ ರತ್ನಮ್ಮ, ಯಾವ ಮಠ ಸೇರ್ಕೊಂಡ್ರಿ?” ಅಂದರು ಸೂಪರ್‌ವೈಸರು. ಕೆಂಪು. ಪಾರ್ಕಿನ ಯೋಗ ಶಿಬಿರದಲ್ಲಿ ಜಲನೇತಿ ಹೇಳಿಕೊಟ್ಟರು. ಒಂದು ಹೊಳ್ಳೆಗೆ ಬಿಟ್ಟ ಉಪ್ಪುನೀರು ಇನ್ನೊಂದರಿಂದ ಬರಬೇಕು. ನನ್ನದು ಬಾಯಿಂದ ಬಂತು. ಮೂಗು ಪೂರ್ತಿ ಕಟ್ಟಿದ್ದಾಗ ಅದರ ಸುದ್ದಿಗೆ ಹೋಗಬಾರದು, ಬಿಡುತ್ತಾ ಬಂದಾಗ ಮಾಡಿದರೆ ಹಿತ ಅಂತ ಆಮೇಲೆ ಕಲಿತೆ. ಹಸಿರು. ಇನ್ನು ಔಷಧಿ ಅಂಗಡಿಯ ಮೂಗಿನ ಹನಿ. ಬಿಟ್ಟ ಹತ್ತೇ ನಿಮಿಷಕ್ಕೆ ಸ್ವರ್ಗ. ಮೂರು ದಿನಕ್ಕೆ ನಿಲ್ಲಿಸಬೇಕಂತೆ, ನನಗೆ ಯಾರೂ ಹೇಳಲಿಲ್ಲ. ತಿಂಗಳಿಡೀ ಹನಿ ಬಿಟ್ಟುಕೊಂಡೆ. ಆಮೇಲೆ ಹನಿ ಇಲ್ಲದೆ ಮೂಗು ಉಸಿರೇ ಆಡುವುದಿಲ್ಲ ಅಂತ ಹಟ ಹಿಡಿಯಿತು. ಅಪ್ಪಟ ಕೆಂಪು.

ಕೊನೆಗೆ ಮುಖ್ಯರಸ್ತೆಯಲ್ಲಿದ್ದ ಕಿವಿ ಮೂಗು ಗಂಟಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಬೆಳಕು ಬಿಟ್ಟು ನೋಡಿ, ದೊಡ್ಡ ಮದ್ದೇನೂ ಕೊಡಲಿಲ್ಲ! “ಒಂದು ವಾರ ಆವಿ ತಗೊಳ್ಳಿ, ಉಪ್ಪುನೀರಲ್ಲಿ ಮೂಗು ತೊಳೀರಿ, ನೋವಿಗೆ ಈ ಮಾತ್ರೆ ಸಾಕು. ಬಹಳ ಜನಕ್ಕೆ ತಾನಾಗೇ ಹೋಗುತ್ತೆ” ಅಂದರು. ನನಗೆ ಅವಮಾನವಾಯಿತು. ರಜ ಹಾಕಿ ಬಂದವಳಿಗೆ ಆವಿ ತಗೊಳ್ಳಿ ಅನ್ನುವುದಕ್ಕೆ ಡಾಕ್ಟರು ಯಾಕೆ ಬೇಕು, ನಮ್ಮಜ್ಜಿ ಸಾಲದೆ? ಎದ್ದು ಬಾಗಿಲಿಗೆ ಬಂದಾಗ ಆಕೆ ಹಿಂದಿನಿಂದ ಹೇಳಿದರು: “ಹತ್ತು ದಿನಕ್ಕೂ ಹೋಗದಿದ್ರೆ ಬನ್ನಿ. ಕಡಿಮೆಯಾಗಿ ಮತ್ತೆ ಜಾಸ್ತಿಯಾದ್ರೆ ಬನ್ನಿ. ಕಣ್ಣು ಊದಿಕೊಂಡ್ರೆ ಮಾತ್ರ ಆ ಕ್ಷಣ ಬರಬೇಕು, ಗೊತ್ತಾಯ್ತಾ?” ಗೊತ್ತಾಯಿತು ಅಂತ ತಲೆಯಾಡಿಸಿದೆ. ಇದನ್ನು ನೀವು ಗಮನಿಸಿ: ನನಗೆ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ.

ಮುಂದಿನ ಸಲ ಹನ್ನೆರಡು ದಿನ ಕಳೆದರೂ ಹೋಗದೆ ಇದ್ದಾಗ ಆಕೆಯೇ ಐದು ದಿನದ ಮಾತ್ರೆ ಬರೆದುಕೊಟ್ಟರು. ಮೂರನೆಯ ದಿನ ಸಂಜೆಗೆ ಮೂಗು ತೆರೆದು, ಪಕ್ಕದ ಬೀದಿಯ ಬೋಂಡದ ವಾಸನೆ ಮನೆಯೊಳಗೆ ಕೂತವಳಿಗೆ ಬಂತು. ಆ ಸಂತೋಷ ನಿಮಗೆ ಹೇಗೆ ಹೇಳಲಿ! ಉಳಿದ ನಾಲ್ಕು ಮಾತ್ರೆ ಡಬ್ಬಿಗೆ ಹೋಯಿತು. ಆ ಮಾತ್ರೆಗೆ ಅಪ್ಪಟ ಹಸಿರು ಚೀಟಿ ಅಂಟಿಸಿ, ಕಾರ್ಖಾನೆಯಲ್ಲೆಲ್ಲ ಭಾಷಣ ಮಾಡಿದೆ. ಅಷ್ಟು ಹೊತ್ತಿಗೆ ನನಗೆ ‘ಮೂಗಿನ ಡಾಕ್ಟರಮ್ಮ’ ಅಂತ ಹೆಸರು ಬಿದ್ದಿತ್ತು. ಯಾರು ಸೀನಿದರೂ ನನ್ನ ಬೆಂಚಿಗೆ ಬರುತ್ತಿದ್ದರು. ಆವಿ ವಾಸಿಯೋ, ಕಷಾಯ ವಾಸಿಯೋ, ಮಾತ್ರೆ ವಾಸಿಯೋ? ನಾನು ಗಂಭೀರವಾಗಿ ಹೋಲಿಸಿ ಹೇಳುತ್ತಿದ್ದೆ. ತಮಾಷೆಯಾಗಿ ಕರೆದ ಹೆಸರನ್ನು ನಾನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ, ಅದೇ ತಪ್ಪಾಯಿತು.

ಇಲ್ಲಿಗೆ ಯಶೋದಳ ವಿಷಯಕ್ಕೆ ಬಂದೆ. ಇನ್ನು ಸುತ್ತುವುದಕ್ಕೆ ಜಾಗವಿಲ್ಲ.

ಯಶೋದ ನನ್ನ ಪಕ್ಕದ ಸ್ಟೂಲಿನವಳು, ವಠಾರದಲ್ಲಿ ಪಕ್ಕದ ಮನೆಯವಳು. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ಗಂಡ ಜಿಗಣಿಯಲ್ಲಿ ಗ್ರಾನೈಟ್ ಪಾಲಿಶ್ ಮಾಡುತ್ತಾ ಅಲ್ಲೇ ಇರುತ್ತಿದ್ದ, ಭಾನುವಾರ ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದ. ಚಿಕ್ಕ ಮಗಳನ್ನು ಹಗಲು ಹೊನ್ನಮ್ಮ ನೋಡಿಕೊಳ್ಳುತ್ತಿದ್ದರು. ಯಶೋದಳ ಕಣ್ಣು ಎಂಥ ಕಣ್ಣು ಅಂತೀರಿ! ನಾವೆಲ್ಲ ಭೂತಗನ್ನಡಿಯಲ್ಲಿ ಹುಡುಕುವ ಬಿರುಕನ್ನು ಅವಳು ಬರಿಗಣ್ಣಲ್ಲಿ ನೋಡಿ, “ಅಕ್ಕ, ಇದು ರಿಜೆಕ್ಟು” ಅಂತ ಎತ್ತಿಡುತ್ತಿದ್ದಳು. ಯಾವುದೇ ಪಾರ್ಟಿಯ ಮಾಲು ವಾಪಸು ಬಂದರೂ ಅದರಲ್ಲಿ ಅವಳು ಸಹಿ ಹಾಕಿದ ಟ್ರೇ ಇರುತ್ತಿರಲಿಲ್ಲ.

ಮೆಟ್ರೊ ಕಂಬ ಏಳುತ್ತಿದ್ದ ವರ್ಷವೊಂದರ ಶ್ರಾವಣದಲ್ಲಿ ಅವಳಿಗೆ ನೆಗಡಿಯಾಯಿತು. ಆರನೆಯ ದಿನಕ್ಕೆ ಎಡಗೆನ್ನೆ, ಮೂಗಿನ ಬುಡ ನೋವು, ಮೈ ಬಿಸಿ. ಬೆಂಚಿನ ಮೇಲೆ ತಲೆಯಿಟ್ಟುಕೊಂಡು ಕೇಳಿದಳು: “ಅಕ್ಕ, ಯಾವ್ದು ವಾಸಿ? ಆವಿನಾ, ಮಾತ್ರೆನಾ? ಡಾಕ್ಟ್ರ ಹತ್ರ ಹೋಗ್ಲಾ?”

“ಡಾಕ್ಟ್ರ ಹತ್ರ ಹೋದ್ರೆ ಅರ್ಧ ದಿನ ಕೂರಿಸಿ ಆವಿ ತಗೋ ಅಂತಾರೆ. ನನ್ ಹತ್ರ ಮಾತ್ರೆ ಇದೆ, ಬಾ” ಅಂದೆ.

ಆ ಸಂಜೆ ಡಬ್ಬಿಯಿಂದ ನಾಲ್ಕು ಮಾತ್ರೆ ತೆಗೆದುಕೊಟ್ಟೆ. ಬೆಳಗ್ಗೆ ಒಂದು, ರಾತ್ರಿ ಒಂದು, ಎರಡು ದಿನ. ನಾನೇ ಅವಳ ಮನೆಯಲ್ಲಿ ನೀರು ಕಾಯಿಸಿ ಆವಿ ಕೊಡಿಸಿದೆ. ಎರಡು ದಿನ ಕಳೆದ ಮೇಲೆ ಕೇಳಿದೆ, “ಹೇಗಿದ್ಯೇ?” ಅವಳು “ವಾಸಿ ಅಕ್ಕ” ಅಂದಳು.

ವಾಸಿ! ನನಗೆ ಅಷ್ಟೇ ಸಾಕಾಯಿತು. ಊಟದ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದೆ, ನೋಡಿ, ಎರಡೇ ದಿನ, ಡಾಕ್ಟರಿಲ್ಲ ಏನಿಲ್ಲ. ಯಶೋದ ತನ್ನ ಊಟದ ಡಬ್ಬಿಯ ಮುಚ್ಚಳ ನೋಡಿಕೊಂಡು ಕೂತಿದ್ದಳು. ಅವಳು ಹೇಳಿದ್ದು ಮೊನ್ನೆಗಿಂತ ವಾಸಿ ಅಂತ. ಜ್ವರ ಇಳಿದಿತ್ತು, ನೋವು ಇದ್ದಲ್ಲೇ ಇತ್ತು. ನಾನು ಇನ್ನೊಂದು ಪ್ರಶ್ನೆ ಕೇಳಿದ್ದರೆ ಹೇಳುತ್ತಿದ್ದಳೇನೋ. ಎಲ್ಲರ ಮುಂದೆ ನನ್ನ ಮಾತು ಸುಳ್ಳು ಮಾಡುವುದಕ್ಕೆ ಅವಳಿಗೆ ಮನಸ್ಸು ಬಂದಿರಲಿಲ್ಲ.

ಅದೇ ವಾರ ಕಾರ್ಖಾನೆಯಲ್ಲಿ ಮದ್ರಾಸ್ ಐ ಹಬ್ಬಿತ್ತು. ಲೇತ್ ಸೆಕ್ಷನ್ನಿನಲ್ಲಿ ಸಾಲಾಗಿ ಕಣ್ಣು ಕೆಂಪಾಗಿ, ಗೇಟಿನ ಸೆಕ್ಯೂರಿಟಿಯವರು ಕಪ್ಪು ಕನ್ನಡಕ ಕಂಡರೆ ಅಲ್ಲಿಂದಲೇ ವಾಪಸು ಕಳಿಸುತ್ತಿದ್ದರು. ಎರಡು ದಿನವಾದ ಮೇಲೆ ಬೆಳಗ್ಗೆ ಯಶೋದ ಪಕ್ಕದ ಮನೆಯಿಂದಲೇ ಫೋನು ಮಾಡಿದಳು. “ಅಕ್ಕ, ಎಡಗಣ್ಣು ಕೆಂಪಗಾಗಿದೆ. ನೀರು ಸುರೀತಿದೆ. ಮತ್ತೆ ಜ್ವರ ಬಂದಂಗಿದೆ.”

“ಅಯ್ಯೋ, ಮದ್ರಾಸ್ ಐ ಕಣೇ! ಹೊರಗೆ ಬರಬೇಡ. ಕಪ್ಪು ಕನ್ನಡಕ ಹಾಕ್ಕೊಂಡು ಮಲ್ಕೊ. ಮೂರು ದಿನಕ್ಕೆ ಹೋಗುತ್ತೆ” ಅಂದೆ. ಗೋಡೆಯ ಆಚೆ ಇದ್ದವಳಿಗೆ ಗೋಡೆಯ ಈಚೆಯಿಂದ ಫೋನಿನಲ್ಲಿ ಕಾಯಿಲೆಗೆ ಹೆಸರಿಟ್ಟೆ. ಮೂಗಿನ ಡಾಕ್ಟರಮ್ಮ ಕಣ್ಣಿಗೂ ಬಡ್ತಿ ಪಡೆದಿದ್ದಳು.

ನಿಮಗೆ ಗೊತ್ತಿರುತ್ತದೆ, ಕಣ್ಣು ಬಂದವರನ್ನು ನಾವು ನೋಡುವುದಿಲ್ಲ. ನೋಡಿದರೆ ಅಂಟುತ್ತದೆ ಅಂತ. ಅದು ಕೈಯಿಂದ, ಟವೆಲಿನಿಂದ ಅಂಟುವುದು, ನೋಟದಿಂದ ಅಲ್ಲ ಅಂತ ಯಾರು ಎಷ್ಟು ಹೇಳಿದರೂ, ಕಪ್ಪು ಕನ್ನಡಕ ಎದುರಿಗೆ ಬಂದರೆ ನಮ್ಮ ಕತ್ತು ತಾನಾಗಿ ತಿರುಗುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ ಹಾಗೇ. ಅವರು ಕನ್ನಡಕ ಹಾಕಿಕೊಳ್ಳುವುದೂ ನಮ್ಮ ಒಳಿತಿಗೇ, ತಮ್ಮ ಕಣ್ಣಿನ ಹಿತಕ್ಕಲ್ಲ ಅಂತ ನಾನು ನಂಬಿದ್ದೆ.

ಅವತ್ತು ಸಂಜೆ ಮೆಣಸಿನ ಸಾರು ಮಾಡಿ, ಲೋಟದಲ್ಲಿ ಹಾಕಿಕೊಂಡು ಅವಳ ಬಾಗಿಲಿಗೆ ಹೋದೆ. ಹೊಸ್ತಿಲು ದಾಟಲಿಲ್ಲ. ಲೋಟವನ್ನು ಹೊಸ್ತಿಲ ಮೇಲಿಟ್ಟು, ನೆಲ ನೋಡಿಕೊಂಡು ನಿಂತೆ. ಅವಳು ಎದ್ದು ಬಂದಳು. ಅವಳ ಕಾಲುಗಳು ಮಾತ್ರ ನನಗೆ ಕಾಣುತ್ತಿದ್ದವು.

“ಹೇಗಿದ್ಯೇ?”

“ನೋವು ಅಕ್ಕ. ಕಣ್ಣು ಆಡಿಸಿದ್ರೆ ಹಿಂದೆ ಜಗ್ಗಿದಂಗಾಗುತ್ತೆ. ಎಲ್ಲ ಎರಡೆರಡು ಕಾಣ್ಸುತ್ತೆ.”

“ಕಣ್ಣು ಬಂದ್ರೆ ಹಂಗೇ. ಟೀವಿ ನೋಡ್ಬೇಡ. ಮಗೂನ ಹತ್ರ ಸೇರಿಸ್ಬೇಡ.”

ಅವಳ ಕಾಲುಗಳು ಹೊಸ್ತಿಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದವು. ಆಮೇಲೆ “ಹೂಂ ಅಕ್ಕ” ಅಂದಳು. ನಾನು ಸಾರು ಆರುವ ಮೊದಲು ಕುಡಿ ಅಂತ ಹೇಳಿ ಬಂದೆ. ಬಂದವಳೇ ಸೋಪು ಹಾಕಿ ಕೈ ತೊಳೆದೆ.

ಮಾರನೆಯ ದಿನ ಬೆಳಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಹೊನ್ನಮ್ಮ ಕೂಗಿದ್ದು ವಠಾರಕ್ಕೆಲ್ಲ ಕೇಳಿಸಿತು. ಹಾಲು ಕೊಡಲು ಹೋದವರು ಯಶೋದ ವಾಂತಿ ಮಾಡಿಕೊಂಡು ಗೋಡೆಗೆ ಒರಗಿದ್ದನ್ನು ಕಂಡು ಒಳಗೆ ನುಗ್ಗಿದ್ದರು. ನಾನು ಓಡಿ ಬಾಗಿಲಿಗೆ ಬಂದೆ.

“ತಗಿಯೇ ಆ ಕನ್ನಡ್ಕ” ಅನ್ನುತ್ತಿದ್ದರು ಹೊನ್ನಮ್ಮ.

“ಅಂಟುತ್ತೆ ಅಮ್ಮ...” ಅಂದಳು ಯಶೋದ.

“ಅಂಟ್ಲಿ. ಈ ವಯ್ಸಲ್ಲಿ ನಂಗೆ ಅಂಟಿ ಏನಾಗ್ಬೇಕು? ಕೊಟ್ಗೇಲಿ ನಮ್ಮಸ ಕಣ್ಣು ಮುಚ್ಕಂಡ್ರೂ ರೆಪ್ಪೆ ಬಿಡ್ಸಿ ನೋಡೋರು ನಾವು.” ತಾವೇ ಕನ್ನಡಕ ತೆಗೆದರು. ಅವಳ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿದರು. “ಅಯ್ಯೋ ನನ್ ಶಿವ್ನೇ! ಮದ್ರಾಸೂ ಅಲ್ಲ ಗಿದ್ರಾಸೂ ಅಲ್ಲ. ಗುಡ್ಡೆ ಈಚೆಗ್ ಬಂದೈತೆ. ರತ್ನೀ, ಆಟೋ ಕರಿಯೇ, ಓಡು!”

ಆಗ ನಾನು ನೋಡಿದೆ. ಎಡಗಣ್ಣಿನ ರೆಪ್ಪೆಗಳು ಬದನೆಕಾಯಿಯ ಹಾಗೆ ಊದಿ ನೇರಳೆ ಬಣ್ಣಕ್ಕೆ ತಿರುಗಿ, ಒಂದಕ್ಕೊಂದು ಅಂಟಿ ಮುಂದಕ್ಕೆ ಉಬ್ಬಿದ್ದವು. ಬಲಗಣ್ಣು ಏನೂ ಆಗದೆ ತಿಳಿಯಾಗಿತ್ತು. ಒಂದು ಸಲ ನೋಡಿದ್ದರೆ ಸಾಕಿತ್ತು. ಡಾಕ್ಟರಮ್ಮ ಬಾಗಿಲಲ್ಲಿ ಹೇಳಿದ ಮಾತು ಅಕ್ಷರಕ್ಕಕ್ಷರ ನನ್ನ ಕಿವಿಯಲ್ಲಿ ಕೇಳಿಸಿತು. ಆಟೋ ಕರೆಯಲು ಓಡಿದೆ.

ತುಮಕೂರು ರಸ್ತೆಯಲ್ಲಿ ಕಂಬದ ಕೆಲಸಕ್ಕೆ ಅರ್ಧ ದಾರಿ ಮುಚ್ಚಿದ್ದರು. ಆಟೋ ಹೆಜ್ಜೆ ಹೆಜ್ಜೆಗೂ ನಿಂತಿತು. ಹೊನ್ನಮ್ಮನ ತೊಡೆಯ ಮೇಲೆ ತಲೆಯಿಟ್ಟು ಯಶೋದ ನರಳುತ್ತಿದ್ದಳು. “ಅಣ್ಣ, ಹೆಂಗಾದ್ರೂ ನುಗ್ಗಿಸಣ್ಣ” ಅಂತ ನಾನು ಡ್ರೈವರನ ಬೆನ್ನು ಹಿಡಿದು ಬೇಡುತ್ತಿದ್ದೆ. ಅವರು ಬೈಯಲಿಲ್ಲ, ಪಾಪ. ಫುಟ್‌ಪಾತಿನ ಮೇಲೆ ಹತ್ತಿಸಿಕೊಂಡು ಹೋದರು.

ದೊಡ್ಡಾಸ್ಪತ್ರೆಯಲ್ಲಿ ಎಳೆ ವಯಸ್ಸಿನ ಡಾಕ್ಟರೊಬ್ಬರು ಬೆಳಕು ಬಿಟ್ಟು ನೋಡುತ್ತಲೇ ಮುಖ ಗಂಭೀರ ಮಾಡಿಕೊಂಡರು. ಎಷ್ಟು ದಿನದಿಂದ, ಏನೇನು ಮಾಡಿದ್ದೀರಿ ಅಂತ ಕೇಳಿದರು. ನಾನು ಹೇಳತೊಡಗಿದೆ: ಆವಿ, ಮೆಣಸಿನ ಸಾರು, ಮಾತ್ರೆ. ವರ್ಷಗಳಿಂದ ಊಟದ ಹೊತ್ತಿನಲ್ಲಿ ಒಪ್ಪಿಸುತ್ತಿದ್ದ ಪಟ್ಟಿ ಅದು.

“ಯಾವ ಮಾತ್ರೆ? ಎಷ್ಟು ದಿನ?”

“ಎರಡು ದಿನ ಸಾರ್.”

“ಎರಡು ದಿನಾನಾ? ಯಾರು ಕೊಟ್ಟಿದ್ದು?”

ನಾನು ಬಾಯಿ ತೆರೆದೆ. ಸ್ಟ್ರೆಚರಿನ ಮೇಲಿಂದ ಯಶೋದ, ಕಣ್ಣು ಮುಚ್ಚಿಕೊಂಡೇ, “ಮನೇಲಿತ್ತು ಸಾರ್” ಅಂದಳು. ಅಷ್ಟು ನೋವಿನಲ್ಲೂ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಈ ಬರಹದಲ್ಲಿ ನನಗೆ ನಾಚಿಕೆಯಾಗುವ ಮಾತುಗಳು ಎಷ್ಟೋ ಇವೆ, ಇದರಷ್ಟು ಯಾವುದೂ ಇಲ್ಲ.

ಡಾಕ್ಟರು ನಮ್ಮನ್ನು ಹೊರಗೆ ಕರೆದು ತಿಳಿಸಿ ಹೇಳಿದರು. ಮೂಗಿನ ಪಕ್ಕದ ಗೂಡಿಗೂ ಕಣ್ಣಿಗೂ ನಡುವೆ ಇರುವ ಮೂಳೆ ಕಾಗದದಷ್ಟು ತೆಳುವಂತೆ. ಗೂಡಿನಲ್ಲಿ ತುಂಬಿದ ಕೀವು ಅದನ್ನು ದಾಟಿ ಕಣ್ಣಿನ ಹಿಂದೆ ಸೇರಿತ್ತು. ಅರೆಬರೆ ಮಾತ್ರೆಗೆ ಜ್ವರ ಇಳಿದು, ಒಳಗಿನದು ಒಳಗೇ ಬೆಳೆದಿತ್ತು. ಇನ್ನೂ ತಡವಾಗಿದ್ದರೆ ಮಿದುಳಿಗೇ ಹೋಗುತ್ತಿತ್ತಂತೆ. ಹೊನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದರು, “ಕಣ್ಣು ಉ‍ಳ್ಕತದಾ ಸ್ವಾಮಿ?” ಅವರು, “ಮೊದಲು ಜೀವ ಉಳಿಸೋಣಮ್ಮ. ನಿನ್ನೆ ಬಂದಿದ್ರೆ ಚೆನ್ನಾಗಿತ್ತು” ಅಂದರು.

ನಿನ್ನೆ. ನಿನ್ನೆ ಸಂಜೆ ನಾನು ಅವಳ ಬಾಗಿಲಲ್ಲಿದ್ದೆ.

ಮೂಗಿನ ದಾರಿಯಿಂದಲೇ ಆಪರೇಶನ್ ಮಾಡಿ ಕೀವು ತೆಗೆದರು. ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಜೀವ ಉಳಿಯಿತು. ಊತ ಇಳಿದ ಮೇಲೆ ಕಣ್ಣು ನೋಡುವುದಕ್ಕೆ ಮೊದಲಿನ ಹಾಗೇ ಇತ್ತು, ದೃಷ್ಟಿ ಮಾತ್ರ ಬರಲಿಲ್ಲ. ಬೆಳಕಿದೆಯೋ ಕತ್ತಲಿದೆಯೋ ಅಷ್ಟು ಗೊತ್ತಾಗುತ್ತದೆ. ಕಾರ್ಖಾನೆಯ ಕಣ್ಣು ಪರೀಕ್ಷೆಯಲ್ಲಿ ಪಾಸಾಗಲಿಲ್ಲ, ಆದ್ದರಿಂದ ಅವಳನ್ನು ಪ್ಯಾಕಿಂಗಿಗೆ ಹಾಕಿದರು. ನಾವು ನೋಡಿ ಓಕೆ ಮಾಡಿದ್ದನ್ನು ಡಬ್ಬಕ್ಕೆ ತುಂಬಿ ಟೇಪು ಹಚ್ಚುವ ಕೆಲಸ. ಎಡಗಡೆ ಯಾರಾದರೂ ಬಂದರೆ ಗಾಬರಿಯಾಗುತ್ತಿದ್ದಳು. ನಡೆಯುವಾಗ “ಈ ಕಡೆ ಬನ್ನಿ ಅಕ್ಕ” ಅಂತ ನನ್ನನ್ನು ಬಲಗಡೆಗೆ ಕರೆದುಕೊಳ್ಳುತ್ತಿದ್ದಳು. ನಾನು ಬಲಗಡೆಯೇ ನಡೆದೆ, ಬಲಗಡೆಯೇ ಕೂತೆ. ಮದ್ದಿನ ವಿಷಯ ಅಲ್ಲಿಂದ ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಆದರೆ ಅವಳಿಗೆ ಹೇಳಬೇಕಾದದ್ದನ್ನೂ ಹೇಳಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟೆ, ಮಗಳ ಹುಟ್ಟಿದ ದಿನಕ್ಕೆ ಫ್ರಾಕು ಹೊಲಿದುಕೊಟ್ಟೆ, ಬಾಯಿ ಬಿಡಲಿಲ್ಲ. ತಪ್ಪಾಯಿತು ಅಂದರೆ ಅವಳು ಏನನ್ನುತ್ತಾಳೋ ಅನ್ನುವ ಭಯ. ಏನೂ ಅನ್ನದೆ ಇದ್ದರೆ ಅನ್ನುವ ಭಯ ಅದಕ್ಕಿಂತ ಹೆಚ್ಚು.

ವರ್ಷಗಳು ಕಳೆದು ದಾಸರಹಳ್ಳಿಗೆ ಮೆಟ್ರೊ ಬಂತು. ಒಂದು ಭಾನುವಾರ ಬೆಳಗ್ಗೆ ಇಬ್ಬರೂ ಮಲ್ಲೇಶ್ವರಕ್ಕೆ ಹೋಗೋಣ ಅಂತ ಹತ್ತಿದೆವು. ನಾನು ಅವಳ ಬಲಕ್ಕೆ ಕೂತೆ. ಸ್ವಲ್ಪ ಹೊತ್ತಿಗೆ ಅವಳು ಹೇಳಿದಳು: “ಅಕ್ಕ, ಮಗಳಿಗೆ ಎಂಟು ದಿನದಿಂದ ಮೂಗು ಕಟ್ಟಿದೆ. ಹಣೆ ನೋವು ಅಂತಾಳೆ. ಏನ್ ಮಾಡ್ಲಿ?”

ಅವಳು ನನ್ನನ್ನೇ ಕೇಳಿದಳು ನೋಡಿ.

“ನನ್ನ ಕೇಳ್ಬೇಡ ಯಶೋದ. ಇಲ್ಲೇ ಇಳಿದು ವಾಪಸ್ ಹೋಗೋಣ. ನಾನೇ ಅವಳನ್ನ ಡಾಕ್ಟ್ರಿಗೆ ತೋರಿಸ್ತೀನಿ” ಅಂದೆ. ಆಮೇಲೆ, ಎದುರಿಗೆ ಜನ ಕೂತಿದ್ದರೂ, ಹೇಳಿಬಿಟ್ಟೆ. “ಆ ಮಾತ್ರೆ ನಾನು ಕೊಟ್ಟೆ. ಡಾಕ್ಟ್ರು ಕೇಳ್ದಾಗ ಹೇಳ್ಲಿಲ್ಲ. ನಿನ್ನ ಕಣ್ಣು ಹೋಗಿದ್ದು ನನ್ನಿಂದ ಕಣೇ.”

ಅವಳು ತನ್ನ ಕೈಚೀಲದ ಹಿಡಿಯನ್ನು ಮಡಿಸುತ್ತಾ ಕೂತಿದ್ದಳು. “ಮಾತ್ರೆ ಕೊಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ ಅಕ್ಕ. ಒಳ್ಳೇದಾಗ್ಲಿ ಅಂತ ಕೊಟ್ರಿ” ಅಂದಳು. ಇಳಿಯಬೇಕು ಅಂದದ್ದು ಇಬ್ಬರಿಗೂ ಮರೆತಿತ್ತು, ರೈಲು ಇನ್ನೊಂದು ಸ್ಟೇಷನ್ನು ದಾಟಿತು. “ಅವತ್ತು ಸಾಯಂಕಾಲ ಬಾಗಿಲಿಗೆ ಬಂದಿದ್ರಲ್ಲ, ಆಗ ನಾನು ಕನ್ನಡಕ ತೆಗ್ದೆ. ರತ್ನಕ್ಕನ ಕಣ್ಣಿಗೆ ಯಾವ್ದೂ ತಪ್ಪಿಸ್ಕೊಳ್ಳಲ್ಲ, ನೋಡಿದ್ರೆ ಗೊತ್ತಾಗುತ್ತೆ ಅಂತ. ನೀವು ಹೋಗೋವರ್ಗೂ ತೆಕ್ಕೊಂಡೇ ನಿಂತಿದ್ದೆ.”

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಯಾವತ್ತೋ ಹೇಳಬೇಕಾಗಿದ್ದು ಇವತ್ತು ಹೇಳಿದೆ ಅನ್ನುವ ಹಾಗಿತ್ತು. ನನಗೆ ಅಳು ಬಂತು, ಆದರೆ ಅಳುವುದು ಆಗ ನನ್ನ ಕೆಲಸವಾಗಿರಲಿಲ್ಲ. ನಾನು ಎದ್ದು, ಕಂಬಿ ಹಿಡಿದುಕೊಂಡು, ಅವಳ ಎಡಗಡೆಗೆ ಹೋಗಿ ಕೂತೆ. ಅವಳು ಪೂರ್ತಿ ನನ್ನ ಕಡೆಗೆ ತಿರುಗಿದಳು. ಅಷ್ಟು ವರ್ಷ ಜೊತೆಯಲ್ಲಿ ನಡೆದು, ಉಂಡು, ಕೆಲಸ ಮಾಡಿಯೂ ನಾನು ಆ ಎಡಗಣ್ಣನ್ನು ನೋಡಿರಲಿಲ್ಲ. ನೋಡಿದೆ. ನಾನು ನೋಡಿ ಮುಗಿಸುವವರೆಗೂ ಅವಳು ಮುಖ ತಿರುಗಿಸಲಿಲ್ಲ.